ಗುಂಯ್ ಅನ್ನುವ ಆಂಪ್, ಚುರ್ ಅನ್ನುವ ಮೈಕ್

ಓದುಗರ ಪ್ರಶ್ನೆ, ರಿಪೇರಿ ಮೇಜಿನ ಉತ್ತರ

ಹೋದ ಸಂಚಿಕೆಯ ಕೊನೆಗೆ ಒಂದು ಸಾಲು ಬರೆದಿದ್ದೆ: ಎಲೆಕ್ಟ್ರಿಕ್ ಗಿಟಾರ್, ಆಂಪ್ಲಿಫೈಯರ್ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಅಂತ. ಬೆಂಗಳೂರಿನಿಂದ ಎರಡು, ಹುಬ್ಬಳ್ಳಿಯಿಂದ ಒಂದು ಕಾಗದ ಬಂದೀತು ಅಂದುಕೊಂಡಿದ್ದೆ. ಬಂದವು ನೋಡಿದರೆ ಸೇಡಂ, ಬೀದರ್, ಶಹಾಪುರ, ಜೇವರ್ಗಿ, ಹುಮನಾಬಾದ್. ನಮ್ಮ ಕಡೆ ಇಷ್ಟು ಮನೆಗಳಲ್ಲಿ ಆರು ತಂತಿ ಮಿಡಿಯುತ್ತಿವೆ ಎಂದು ನನಗೇ ಗೊತ್ತಿರಲಿಲ್ಲ.

ಹೊಸ ಓದುಗರಿಗೆ ನನ್ನ ಪರಿಚಯ ಎರಡೇ ಮಾತು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಗಲ್ಲಿಯಲ್ಲಿ ರೇಡಿಯೊ, ಆಂಪ್ಲಿಫೈಯರ್ ಬಿಚ್ಚಿ ಕಟ್ಟುತ್ತಾ ಬಂದವನು. ಊರಿಗೆ ಗುಲ್ಬರ್ಗ ಎಂದು ಹೆಸರಿದ್ದ ಕಾಲದಲ್ಲಿ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಹಿಡಿದು ನಿಲ್ಲುತ್ತಿದ್ದೆ. ದೊಡ್ಡ ವಾದಕ ಏನಲ್ಲ. ಮದುವೆ, ಗಣಪತಿ, ಜಾತ್ರೆ, ಅಷ್ಟೇ. ನಾಲ್ಕು ಕಾರ್ಡ್ (ಒಟ್ಟಿಗೆ ಮಿಡಿಯುವ ಸ್ವರಗಳ ಗುಂಪು) ಗೊತ್ತಿದ್ದರೆ ಆಗ ಊರಿಗೇ ಹೀರೋ.

ಕೇಳಿದವರ ಹೆಸರು ಹಾಕಿಲ್ಲ. ಊರು ಮಾತ್ರ ಹಾಕಿದ್ದೇನೆ.

ಸೇಡಂನ ಡಿಗ್ರಿ ವಿದ್ಯಾರ್ಥಿ: ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಗಿಟಾರ್ ಮತ್ತು 15 ವ್ಯಾಟ್ ಆಂಪ್ ತೆಗೆದುಕೊಂಡೆ. ತಾಳಕ್ಕೆ ಡ್ರಮ್ ಟ್ರ್ಯಾಕ್ ಹಾಕಲು ಲ್ಯಾಪ್‌ಟಾಪ್‌ನಿಂದ ಆಂಪ್‌ಗೆ ಒಂದು ವೈರ್ ಕೊಟ್ಟಿದ್ದೇನೆ. ಆನ್ ಮಾಡಿದರೆ ಗುಂಯ್ ಅಂತ ಜೋರು ಸದ್ದು. ಗೆಳೆಯನೊಬ್ಬ ಪ್ಲಗ್ಗಿನ ಮೂರನೇ ಪಿನ್ ಮುರಿದು ಹಾಕು ಅಂದ. ಮುರಿದೆ, ಸದ್ದು ಹೋಯಿತು! ಆದರೆ ಮೊನ್ನೆ ಲ್ಯಾಪ್‌ಟಾಪ್ ಇಲ್ಲದೆ ಹಾಡಲು ಕೂತಾಗ ಮೈಕ್‌ಗೆ ತುಟಿ ತಾಗಿ ಚುರ್ ಅಂತು. ಮೈಕ್ ಬೇರೆ ಆಂಪ್‌ಗೆ ಹಾಕಿದ್ದೇನೆ. ಮೈಕ್ ಕೆಟ್ಟಿದೆಯಾ?

ತಮ್ಮಾ, ಮೈಕ್ ನೆಟ್ಟಗಿದೆ. ಇದನ್ನು ಪೂರ್ತಿ ಓದುವ ಮೊದಲು ಎದ್ದು ಹೋಗಿ ಆಂಪ್‌ನ ಪ್ಲಗ್ ಕಿತ್ತಿಡು. ಆಮೇಲೆ ಬಂದು ಕೂತು ಓದು.

ನಿನ್ನ ಕಾಗದದಲ್ಲಿ ಒಂದು ಮಾತು ನನಗೆ ಬಹಳ ಹಿಡಿಸಿತು. ಲ್ಯಾಪ್‌ಟಾಪ್ ಇಲ್ಲದಾಗ ಚುರ್ ಅಂತು ಅಂತ ಬರೆದಿದ್ದೀಯಲ್ಲ, ರೋಗ ಇರುವುದು ಅಲ್ಲೇ. ಮೊದಲು ಏನಾಗಿತ್ತು ನೋಡು. ಆಂಪ್ ಒಂದು ಸಾಕೆಟ್ಟಿನಲ್ಲಿ, ಅದರ ಅರ್ಥಿಂಗ್ ಒಂದು ದಾರಿ. ಲ್ಯಾಪ್‌ಟಾಪ್ ಚಾರ್ಜರ್ ಇನ್ನೊಂದು ಸಾಕೆಟ್ಟಿನಲ್ಲಿ, ಅದರ ಅರ್ಥಿಂಗ್ ಇನ್ನೊಂದು ದಾರಿ. ಎರಡರ ನಡುವೆ ನೀನು ಹಾಕಿದ ಆ ಸಣ್ಣ ವೈರ್. ಒಟ್ಟು ಒಂದು ಸುತ್ತು ಆಯಿತು. ಆ ಸುತ್ತಿನಲ್ಲಿ ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟುತ್ತಾ ತಿರುಗುತ್ತಿತ್ತು. ಪಿನ್ ಮುರಿದೆ, ಸುತ್ತು ಕಡಿಯಿತು, ಸದ್ದು ನಿಂತಿತು. ನಿನ್ನ ಗೆಳೆಯ ಗೆದ್ದ.

ಆದರೆ ಆಂಪ್‌ಗೆ ಈಗ ಸ್ವಂತ ಅರ್ಥಿಂಗ್ ಇಲ್ಲ. ಲ್ಯಾಪ್‌ಟಾಪ್‌ನ ಕೂದಲಿನಂಥ ವೈರೇ ಅರ್ಥಿಂಗ್ ಕೆಲಸ ಮಾಡುತ್ತಿತ್ತು. ಲ್ಯಾಪ್‌ಟಾಪ್ ಹೋಯಿತು, ಅದೂ ಹೋಯಿತು. ಗಿಟಾರಿನ ತಂತಿಗಳು ಅವನ್ನು ಮೈಮೇಲೆ ಎತ್ತಿ ಹಿಡಿದಿರುವ ಲೋಹದ ಬ್ರಿಡ್ಜಿನ ಮೂಲಕ, ಕೇಬಲ್ಲಿನ ಹೊರ ಜಾಲರಿಯ ಮೂಲಕ ಆಂಪ್‌ನ ತಗಡಿನ ಮೈಗೆ ಸೇರಿರುತ್ತವೆ. ಆ ತಗಡಿನಲ್ಲಿ ಟ್ರಾನ್ಸ್‌ಫಾರ್ಮರ್‌ನಿಂದ ಸೋರಿದ ಕರೆಂಟ್ ನಿಂತಿದೆ. ನಿನ್ನ ಎಡಗೈ ತಂತಿಯ ಮೇಲೆ. ತುಟಿ ಮೈಕಿನ ಜಾಲರಿಯ ಮೇಲೆ. ಮೈಕ್ ಬೇರೆ ಆಂಪ್‌ನಿಂದ, ಅದಕ್ಕೆ ಅರ್ಥಿಂಗ್ ಸರಿಯಾಗಿದೆ. ನಡುವೆ ವೈರ್ ಯಾವುದು? ನೀನೇ. ಕರೆಂಟ್ ಹೋಗುವ ದಾರಿಯಲ್ಲಿ ಎದೆ ಇದೆ.

ಈ ಸಲ ಬರೀ ಸೋರಿಕೆ, ಚುರ್ ಅಂದು ಬಿಟ್ಟಿತು. ಒಳಗೆ ಎಲ್ಲೋ ಇನ್ಸುಲೇಶನ್ ಪೂರ್ತಿ ಸುಟ್ಟಿದ್ದರೆ ತಂತಿಯಲ್ಲಿ ನೇರ 230 ವೋಲ್ಟ್. ಹೆದರಿಸಲು ಹೇಳುತ್ತಿಲ್ಲ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿ ಊರಿನಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ ವೇದಿಕೆಯ ಮೇಲೇ ಸತ್ತದ್ದು ಹೀಗೆ ಮೈಕ್ ಮುಟ್ಟಿ. ಅಲ್ಲಿಯೂ ಅರ್ಥಿಂಗ್ ಇರಲಿಲ್ಲ.

ನನಗೂ ಆಗಿದೆ. ಆಳಂದ ರಸ್ತೆಯ ಒಂದು ಹಳ್ಳಿ, ಗಣಪತಿ ಪೆಂಡಾಲು. ಸಂಜೆ ಮಳೆ ಬಂದು ನೆಲ ಹಸಿಯಾಗಿತ್ತು. ಲೈಟಿನವರು ಕಂಬದಿಂದ ಎರಡು ವೈರ್ ಎಳೆದು ಕೊಟ್ಟಿದ್ದರು. ಮೂರನೆಯದನ್ನು ಯಾರೂ ಕೇಳಲಿಲ್ಲ, ಅವರೂ ಕೊಡಲಿಲ್ಲ. ನಾನು ಚಪ್ಪಲಿ ಬಿಟ್ಟು ಗಣಪನಿಗೆ ಕೈ ಮುಗಿದು ಹಾಗೇ ಬರಿಗಾಲಲ್ಲಿ ವೇದಿಕೆ ಹತ್ತಿದೆ. ಮೊದಲ ಕಾರ್ಡ್ ಹಿಡಿದು ಹಾಡುವವನ ಪಕ್ಕ ಕೋರಸ್ಸಿಗೆ ಬಾಯಿ ಇಟ್ಟೆ. ಆಮೇಲೆ ನೆನಪಿರುವುದು ಜನ ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದದ್ದು. ಒಬ್ಬ ಮುದುಕಿ, ದೇವರು ಮೈಮೇಲೆ ಬಂದಾನ, ಕಾಯಿ ಒಡೀರಿ ಅನ್ನುತ್ತಿದ್ದಳು. ಮೇಲಿನ ತುಟಿಯ ಒಳಗೆ ಗುಳ್ಳೆ ಎದ್ದು ಒಂದು ವಾರ ಖಾರ ತಿನ್ನಲಿಲ್ಲ. ಎಂಟು ದಿನ ಖಾರ ಬಿಟ್ಟು ರೊಟ್ಟಿ ತಿನ್ನುವುದು ಎಂಥ ಶಿಕ್ಷೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ.

ಈಗ ಮಾಡಬೇಕಾದದ್ದು. ಹೊಸ ಮೂರು ಪಿನ್ ಪ್ಲಗ್ ತಂದು ಹಾಕು. ಆಂಪ್, ಮೈಕಿನ ಆಂಪ್, ಲ್ಯಾಪ್‌ಟಾಪ್ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಿಂದ ತೆಗೆದುಕೋ. ಆಗ ಅರ್ಥಿಂಗ್‌ಗಳ ನಡುವಿನ ದಾರಿ ಗೇಣುದ್ದ ಆಗುತ್ತದೆ, ಗುಂಯ್ ಬಹಳಷ್ಟು ಇಳಿಯುತ್ತದೆ. ಉಳಿದರೆ, ಬಾರಿಸುವಾಗ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸು. ಸುತ್ತು ಕಡಿಯುತ್ತದೆ, ಪಿನ್ ಮುರಿಯದೆಯೇ. ಅದೂ ಆಗದಿದ್ದರೆ ಲ್ಯಾಪ್‌ಟಾಪ್ ವೈರಿನ ನಡುವೆ ಹಾಕುವ ಸಣ್ಣ ಆಡಿಯೊ ಐಸೊಲೇಟರ್ ಸಿಗುತ್ತದೆ. ಒಳಗೆ ಎರಡು ಚಿಕ್ಕ ಟ್ರಾನ್ಸ್‌ಫಾರ್ಮರ್, ಸದ್ದು ದಾಟುತ್ತದೆ, ಅರ್ಥಿಂಗ್ ದಾಟುವುದಿಲ್ಲ.

ಇನ್ನೊಂದು. ಗೋಡೆಯ ಸಾಕೆಟ್ಟಿಗೆ ಮೂರು ತೂತು ಇದೆ ಅಂದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತ ಅಲ್ಲ. ಹಳೆ ಮನೆಗಳಲ್ಲಿ ಮೇಲಿನ ತೂತಿನ ಹಿಂದೆ ವೈರೇ ಇರುವುದಿಲ್ಲ. ವೈರಿಂಗ್‌ನವರನ್ನು ಕರೆಸಿ ಮೀಟರ್ ಹಚ್ಚಿ ನೋಡಿಸು. ಫೇಸ್‌ಗೂ ಅರ್ಥಿಂಗ್‌ಗೂ ನಡುವೆ ಹೆಚ್ಚು ಕಡಿಮೆ 230 ತೋರಿಸಬೇಕು. ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವೆ ಒಂದೆರಡು ವೋಲ್ಟ್, ಜಾಸ್ತಿ ಇರಬಾರದು. ಎಷ್ಟೋ ಕಡೆ ಅರ್ಥಿಂಗ್ ಗುಂಡಿ ಇದ್ದರೂ ಬೇಸಿಗೆಯಲ್ಲಿ ಸತ್ತಿರುತ್ತದೆ. ನಮ್ಮ ಎರೆ ಮಣ್ಣು ಮೇ ತಿಂಗಳಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಸೇಡಂ, ಶಹಾಬಾದ್, ಚಿತ್ತಾಪುರ ಕಡೆ ನಾಲ್ಕು ಅಡಿ ಅಗೆದರೆ ಫರಸಿ ಕಲ್ಲೇ. ಒಣ ಮಣ್ಣಿಗೆ, ಕಲ್ಲಿಗೆ ಕರೆಂಟ್ ಇಳಿಯುವುದಿಲ್ಲ. ಗುಂಡಿಗೆ ಇದ್ದಿಲು, ಉಪ್ಪು ಹಾಕುವುದು ಅದಕ್ಕೇ. ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯಿ. ತುಳಸಿಗೆ ಹಾಕುವ ಅಮ್ಮನಿಗೆ ಹೇಳಿದರೆ ಅವರೇ ಇದಕ್ಕೂ ಹಾಕುತ್ತಾರೆ. ಕೈಲಾದರೆ ಮೇನ್ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸು. ಕರೆಂಟ್ ಮೈಮೂಲಕ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಗಿಟಾರಿನ ಸದ್ದು ಬದಲಿಸಲು ಕಾಲಲ್ಲಿ ಒತ್ತುವ ಇನ್ನೊಂದು ಪೆಡಲ್ ಕೊಳ್ಳುವ ದುಡ್ಡಿನಲ್ಲಿ ಅದು ಬರುತ್ತದೆ.

ಇಷ್ಟಾದ ಮೇಲೂ ಸಣ್ಣಗೆ ಗುಂಯ್ ಉಳಿದರೆ ಅದು ಗಿಟಾರಿನ ಪಿಕಪ್‌ನದು. ಪಿಕಪ್ ಅಂದರೆ ಅಯಸ್ಕಾಂತಕ್ಕೆ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿದ್ದು. ಉಕ್ಕಿನ ತಂತಿ ಅದರ ಮೇಲೆ ಅಲುಗಿದರೆ ಕರೆಂಟ್ ಹುಟ್ಟುತ್ತದೆ. ಆದರೆ ಅದಕ್ಕೆ ನಿನ್ನ ತಂತಿಯೂ ಒಂದೇ, ಫ್ಯಾನಿನ ರೆಗ್ಯುಲೇಟರೂ ಒಂದೇ, ಎರಡರದ್ದೂ ಹಿಡಿದುಕೊಳ್ಳುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಎಂಬ ಎಂಜಿನಿಯರ್ ಇದಕ್ಕೆ ಒಂದು ಉಪಾಯ ಮಾಡಿದ. ಎರಡು ಸುರುಳಿ ಅಕ್ಕಪಕ್ಕ, ಒಂದರ ಸುತ್ತು, ಅಯಸ್ಕಾಂತ ಎರಡೂ ಉಲ್ಟಾ. ತಂತಿಯ ಸದ್ದು ಎರಡರಿಂದಲೂ ಕೂಡುತ್ತದೆ, ಗುಂಯ್ ಒಂದಕ್ಕೊಂದು ಕಳೆದುಹೋಗುತ್ತದೆ. ಹಂಬಕರ್ ಅನ್ನುವುದು ಅದನ್ನೇ. ನಿನ್ನದು ಒಂಟಿ ಸುರುಳಿಯದಾಗಿದ್ದರೆ ಕುರ್ಚಿ ತಿರುಗಿಸಿ ಕೂತು ನೋಡು. ಕೋಣೆಯಲ್ಲಿ ಒಂದು ದಿಕ್ಕಿಗೆ ಸದ್ದು ಇಳಿಯುತ್ತದೆ. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಹೆದರಬೇಡ, ಅದು ಇರಬೇಕಾದದ್ದೇ. ನಿನ್ನ ಮೈ ಮನೆಯ ವೈರುಗಳ ಗುಂಯ್ ಹಿಡಿದಿರುತ್ತದೆ, ಅರ್ಥಿಂಗ್ ಇರುವ ತಂತಿ ಮುಟ್ಟಿದರೆ ಇಳಿದುಹೋಗುತ್ತದೆ.

ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಸಿದಾಗ ಜೇನು ಹುಳದ ಹಾಗೆ ಗುಂಯ್‌ಗುಟ್ಟಿದರೆ ಇನ್ವರ್ಟರ್ ಸ್ಕ್ವೇರ್ ವೇವ್‌ದು. ಅದಕ್ಕೆ ಗಿಟಾರ್ ಏನು ಮಾಡೀತು? ಸುಮ್ನೆ ಆಫ್ ಮಾಡಿ ಟೀ ಕುಡಿ.

ಬೀದರಿನ ಚರ್ಚ್ ಗಾಯನ ತಂಡದ ಸಹೋದರಿ: ನಮ್ಮಲ್ಲಿ ಮೂರು ಗಿಟಾರ್, ಒಂದು ಕೀಬೋರ್ಡ್, ಎರಡು ಮೈಕ್. ಎಲ್ಲವೂ ಹಳೆಯ 60 ವ್ಯಾಟಿನ ಮೈಕ್‌ಸೆಟ್ ಆಂಪ್ಲಿಫೈಯರ್‌ಗೇ. ಗಿಟಾರ್ ಸದ್ದು ತಗಡು ಬಡಿದ ಹಾಗೆ ಕೇಳುತ್ತದೆ. 120 ವ್ಯಾಟಿನದು ಕೊಳ್ಳಲು ಹುಡುಗರು ಚಂದಾ ಎತ್ತುತ್ತಿದ್ದಾರೆ. ಸರಿಯಾಗುತ್ತದೆಯೇ?

ಚಂದಾ ನಿಲ್ಲಿಸಿ ಅಕ್ಕನವರೇ. ಕಿವಿ ವ್ಯಾಟ್ ಎಣಿಸುವುದಿಲ್ಲ. 60ರಿಂದ 120ಕ್ಕೆ ಹೋದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಹಿಂದಿನ ಬೆಂಚಿನವರಿಗೆ ಗೊತ್ತಾದರೂ ಸ್ವಲ್ಪವೇ. ಸದ್ದು ಕಿವಿಗೆ ಎರಡರಷ್ಟು ಅನಿಸಬೇಕಾದರೆ ವ್ಯಾಟ್ ಹತ್ತರಷ್ಟು ಬೇಕು, ಅಂದರೆ 600. ನಿಮಗೆ ಬೇಕಿರುವುದು ಜೋರು ಅಲ್ಲವಲ್ಲ, ಇಂಪು.

ತಗಡಿನ ಸದ್ದಿಗೆ ಎರಡು ಕಾರಣ. ಒಂದು, ಎಲೆಕ್ಟ್ರಿಕ್ ಗಿಟಾರನ್ನು ಮೈಕ್ ತೂತಿಗೆ ಚುಚ್ಚಿರುವುದು. ಪಿಕಪ್‌ಗೆ ಶಕ್ತಿ ಕಡಿಮೆ. ಅದು ಹತ್ತು ಲಕ್ಷ ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಆಸುಪಾಸಿನ ಇನ್‌ಪುಟ್ ಬಯಸುತ್ತದೆ. ಮೈಕ್ ತೂತು ಒಂದೆರಡು ಸಾವಿರ ಓಮ್ ಇರುತ್ತದೆ. ಸಣ್ಣ ಕರುವಿಗೆ ಎತ್ತಿನ ನೊಗ ಹಾಕಿದ ಹಾಗೆ, ಜೀವವೇ ಬರುವುದಿಲ್ಲ. ನಡುವೆ ಡಿಐ ಬಾಕ್ಸ್ ಎಂಬ ಸಣ್ಣ ಡಬ್ಬಿ ಹಾಕಿ. ಎರಡನೆಯದು ಸ್ಪೀಕರ್. ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5,000 ಹರ್ಟ್ಸ್ ಮೇಲಿನ ಚೂಪು ಸದ್ದನ್ನು ತಾನೇ ನುಂಗಿಬಿಡುತ್ತದೆ. ನಿಮ್ಮ ಬಾಕ್ಸಿನ ಹಾರ್ನ್ ನುಂಗುವುದಿಲ್ಲ, ಇದ್ದದ್ದೆಲ್ಲ ಉಗುಳುತ್ತದೆ. ಹುಡುಗರು ಸದ್ದನ್ನು ಒರಟು ಮಾಡುವ ಡಿಸ್ಟಾರ್ಶನ್ ಪೆಡಲ್ ಬೇರೆ ಹಾಕಿದರೆ ಮುಗಿಯಿತು, ಹಿಟ್ಟಿನ ಗಿರಣಿ. ಆ ಚಂದಾ ದುಡ್ಡಿನ ಒಂದು ಪಾಲಿನಲ್ಲಿ ಕ್ಯಾಬಿನೆಟ್ ಸಿಮ್ಯುಲೇಟರ್ ಇರುವ ಸಣ್ಣ ಮಲ್ಟಿ ಎಫೆಕ್ಟ್ ಸಿಗುತ್ತದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಆ ಚೂಪನ್ನು ಕತ್ತರಿಸುವುದು. ಅದನ್ನು ಹಾಕಿದರೆ ಡಿಐ ಬಾಕ್ಸ್ ಬೇಡ. ಲೈನ್ ತೂತಿಗೆ ಕೊಟ್ಟರೆ ಸಾಕು.

ದುಡ್ಡು ಇಲ್ಲದ ಮಾತೂ ಒಂದಿದೆ. ಮೂವರೂ ಒಂದೇ ಜಿ ಕಾರ್ಡನ್ನು ಒಂದೇ ಜಾಗದಲ್ಲಿ ಹಿಡಿದು ಒಟ್ಟಿಗೆ ಬಡಿಯುತ್ತಿದ್ದಾರೆ, ಹೌದಲ್ವಾ? ನೋಡದೇ ಹೇಳುತ್ತೇನೆ. ಒಬ್ಬರು ಹಾಗೇ ಬಾರಿಸಲಿ. ಇನ್ನೊಬ್ಬರು ಐದನೇ ಫ್ರೆಟ್ಟಿಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಕಾಪೊ, ಅಂದರೆ ಆರೂ ತಂತಿ ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿ ಡಿ ಆಕಾರ ಹಿಡಿಯಲಿ. ಅದೇ ಜಿ, ಆದರೆ ಮೇಲಿನ ಸ್ವರದಲ್ಲಿ, ಗಂಟೆಯ ಹಾಗೆ. ಮೂರನೆಯವರು ಕಾರ್ಡ್ ಬಿಟ್ಟು ಹಾಡಿನ ಸಂದಿನಲ್ಲಿ ಎರಡು ಸ್ವರ ಹಾಕಲಿ. ಇಲ್ಲವೇ ಮೂರನೆಯವರು ಹಾಡಲಿ. ಕೋಪ ಮಾಡಿಕೊಳ್ಳಬೇಡಿ.

ಶಹಾಪುರದ ಒಬ್ಬ ತಾಯಿ: ಮಗಳು ಪಿಯುಸಿ. ಎಲೆಕ್ಟ್ರಿಕ್ ಗಿಟಾರೇ ಬೇಕು ಅನ್ನುತ್ತಾಳೆ. ಅವರಪ್ಪ, ಆ ಗದ್ದಲ ಮನೆಯೊಳಗೆ ಬರಬಾರದು ಅನ್ನುತ್ತಾರೆ. ನನಗೆ ಕರೆಂಟಿನ ಹೆದರಿಕೆ. ಮೊದಲು ಮರದ ಗಿಟಾರ್ ಕೊಡಿಸಿದರೆ ಆಗುವುದಿಲ್ಲವೇ?

ತಾಯಿ, ಮಗಳು ಹೇಳುವುದು ಸರಿ. ಆಂಪ್‌ಗೆ ಹಾಕದ ಎಲೆಕ್ಟ್ರಿಕ್ ಗಿಟಾರಿನ ಸದ್ದು ಪಕ್ಕದ ಕೋಣೆಗೂ ಕೇಳುವುದಿಲ್ಲ. ನಿಮ್ಮ ಟಿವಿ ಧಾರಾವಾಹಿಯ ಸದ್ದು ಅದಕ್ಕಿಂತ ಜಾಸ್ತಿ. ಟೊಳ್ಳು ಮೈಯ ಮರದ ಗಿಟಾರೇ ಮನೆ ತುಂಬಾ ಕೇಳುವುದು. ಬೆರಳಿಗೂ ಇದೇ ಹಗುರ. ಇದರ ಸಣ್ಣ ತಂತಿಯ ದಪ್ಪ ಇಂಚಿನ ಸಾವಿರ ಪಾಲಿನಲ್ಲಿ ಒಂಬತ್ತು, ಅಂದರೆ 0.009 ಇಂಚು. ಮರದ್ದಕ್ಕೆ ಸಾಮಾನ್ಯವಾಗಿ 0.012. ಮೊದಲ ತಿಂಗಳು ಬೆರಳ ತುದಿ ಉರಿದು ಬಿಟ್ಟುಬಿಡುವ ಮಕ್ಕಳು ಇಲ್ಲಿ ಉಳಿದುಕೊಳ್ಳುತ್ತಾರೆ.

ಗಿಟಾರಿನೊಳಗೆ ಮನೆಯ ಕರೆಂಟ್ ಇಲ್ಲ. ಪಿಕಪ್‌ನಲ್ಲಿ ಹುಟ್ಟುವುದು ವೋಲ್ಟಿನ ಚಿಲ್ಲರೆ. ಹೆದರಿಕೆ ಇರಬೇಕಾದದ್ದು ಗೋಡೆಯ ಸಾಕೆಟ್ಟಿಗೆ. ಅದರ ಬಗ್ಗೆ ಮೇಲೆ ಸೇಡಂ ಹುಡುಗನಿಗೆ ಬರೆದದ್ದನ್ನು ಯಜಮಾನರಿಗೆ ಓದಿಸಿ. ಸಣ್ಣ ಆಂಪ್ ಕೊಳ್ಳುವಾಗ ಹೆಡ್‌ಫೋನ್ ತೂತು ಇದೆಯಾ ನೋಡಿಕೊಳ್ಳಿ. ಹೆಡ್‌ಫೋನ್ ಹಾಕಿದರೆ ಮನೆಗೆ ಬರೀ ತಂತಿ ಟಿಕ್ ಟಿಕ್. ಆದರೆ ಕಿವಿಯ ಮೇಲೆ ಕಣ್ಣಿರಲಿ. 85 ಡೆಸಿಬೆಲ್ ದಿನಕ್ಕೆ ಎಂಟು ಗಂಟೆ ತಡೆಯುತ್ತದೆ ಅನ್ನುವುದು ಲೆಕ್ಕ. 3 ಡೆಸಿಬೆಲ್ ಏರಿದ ಹಾಗೆಲ್ಲ ಹೊತ್ತು ಅರ್ಧ. 100ಕ್ಕೆ ಹೋದರೆ ಕಾಲು ಗಂಟೆ ಮಾತ್ರ. ನನ್ನ ಬಲಗಿವಿಯಲ್ಲಿ ಈಗಲೂ ಮಿಡತೆ ಕೂಗುತ್ತದೆ. ಆರ್ಕೆಸ್ಟ್ರಾದ ಕೊಡುಗೆ.

ಸ್ಪೀಕರ್ ಹಚ್ಚುವ ದಿನ ಬಂದರೆ ಆಂಪನ್ನು ನೆಲದ ಮೇಲೆ ಇಡಬೇಡಿ. ಫರಸಿ ಹಾಸಿದ ನೆಲ, ಸಿಮೆಂಟ್ ಗೋಡೆ, ಸದ್ದು ಚೆಂಡಿನ ಹಾಗೆ ಪುಟಿಯುತ್ತದೆ. ಸ್ಟೂಲಿನ ಮೇಲೆ ಇಟ್ಟು ಎದುರು ಗೋಡೆಗೆ ಒಂದು ಕೌದಿ ತೂಗುಹಾಕಿ. ಅಜ್ಜಿ ಹೊಲಿದ ದಪ್ಪ ಕೌದಿ, ನಾಲ್ಕು ಹಳೆ ಸೀರೆಯದು. ಅಂಗಡಿಯಲ್ಲಿ ಮಾರುವ ಸ್ಪಂಜಿನ ಹಾಳೆಗಿಂತ ಎಷ್ಟೋ ವಾಸಿ. ಅದು ಕೋಣೆಯೊಳಗಿನ ಮಾರ್ದನಿಗೆ ಮಾತ್ರ ಮದ್ದು. ಪಕ್ಕದ ಮನೆಗೆ ಹೋಗುವ ಸದ್ದನ್ನು ಕೌದಿ ತಡೆಯುವುದಿಲ್ಲ. ಅದಕ್ಕೆ ಗುಂಡಿ ತಿರುಗಿಸಬೇಕು, ಎಡಕ್ಕೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಇದೆ. ಮಗಳಿಗೆ ಹೇಳಿ. ಹಾಗೇ ಓಣಿಯ ಡಿಜೆಯವರಿಗೂ ಯಾರಾದರೂ ಹೇಳಿದರೆ ಒಳ್ಳೆಯದು.

ಕಲಬುರಗಿಯ ಭಜನಾ ಮಂಡಳಿಯ ಹಿರಿಯರು: ನಮ್ಮದು ತತ್ವಪದದ ಮೇಳ. ಏಕತಾರಿ, ದಮ್ಮಡಿ, ಹಾರ್ಮೋನಿಯಂ, ತಬಲಾ. ಮೊಮ್ಮಗ ಎಲೆಕ್ಟ್ರಿಕ್ ಗಿಟಾರ್ ತಂದು ಪಕ್ಕದಲ್ಲಿ ಕೂರುತ್ತೇನೆ ಅನ್ನುತ್ತಾನೆ. ಸ್ವರ ಕೂಡುತ್ತಲೇ ಇಲ್ಲ. ಇದು ಕೂಡುವ ವಾದ್ಯವೋ ಅಲ್ಲವೋ?

ಶರಣು. ಈ ಪ್ರಶ್ನೆ ಓದಿ ಖುಷಿಯಾಯಿತು, ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಕೂಡುವ ವಾದ್ಯವೇ. ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು ಕರ್ನಾಟಕ ಸಂಗೀತ ನುಡಿಸಿದರು. ವಿಶ್ವಮೋಹನ ಭಟ್ಟರು ಗಿಟಾರನ್ನೇ ತಿದ್ದಿ ಮೋಹನ ವೀಣೆ ಮಾಡಿಕೊಂಡು ಹಿಂದುಸ್ತಾನಿ ನುಡಿಸಿ 1994ರಲ್ಲಿ ಗ್ರ್ಯಾಮಿ ಪಡೆದರು. ವಾದ್ಯದ್ದು ತಪ್ಪಿಲ್ಲ, ಶ್ರುತಿಯದು ತಪ್ಪು.

ನಿಮ್ಮ ಮೇಳ ಯಾವ ಪಟ್ಟಿಯಲ್ಲಿ ಹಾಡುತ್ತದೆ? ಕಾಳಿ ದೋ, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆ, ಆಗಿದ್ದರೆ ಕೆಲಸ ಸುಲಭ. ಗಿಟಾರಿನ ದಪ್ಪ ತಂತಿ ಮಾಮೂಲಿಯಾಗಿ ಇ ಸ್ವರಕ್ಕೆ ಇರುತ್ತದೆ. ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿದರೆ ಆ ದಪ್ಪ ತಂತಿಯೇ ಕಾಳಿ ದೋ, ಅಂದರೆ ನಿಮ್ಮ ಷಡ್ಜ. ಬೆರಳು ಒತ್ತದೆ ಮಿಡಿದರೆ ಸಾಕು, ಏಕತಾರಿಯ ಹಾಗೆ ಕೆಳಗೆ ಝೇಂಕರಿಸುತ್ತಿರುತ್ತದೆ. ಕಾಳಿ ಏಕ್ ಆಗಿದ್ದರೆ ಮೂರು ಅರ್ಧ ಸ್ವರ ಇಳಿಸಬೇಕು. ಆಗ ತಂತಿ ಸಡಿಲವಾಗಿ ಫ್ರೆಟ್ಟಿಗೆ ಬಡಿಯುತ್ತದೆ, ಸ್ವಲ್ಪ ದಪ್ಪ ತಂತಿಯ ಸೆಟ್ ಹಾಕಿಸಿ.

ಮೊಮ್ಮಗ ಮೊಬೈಲಿನ ಟ್ಯೂನರ್ ನೋಡಿ ಶ್ರುತಿ ಮಾಡುತ್ತಾನೆ. ಅದು ಎ ಸ್ವರವನ್ನು 440 ಹರ್ಟ್ಸ್ ಎಂದು ಹಿಡಿದಿರುತ್ತದೆ. ನಿಮ್ಮ ಹಾರ್ಮೋನಿಯಂನ ಪೀಪಿಗಳು ಎಷ್ಟು ಸಲ ಕೆರೆದು ತಿದ್ದಿದ್ದೋ, ಅದು 440ಕ್ಕೆ ಇರಲೇಬೇಕೆಂದಿಲ್ಲ. ಕೂತಲ್ಲೇ ಹಾರ್ಮೋನಿಯಂ ತಿದ್ದಲಾಗದು, ಗಿಟಾರ್ ತಿದ್ದಬಹುದು. ಮೊಬೈಲ್ ಜೇಬಿಗಿಟ್ಟು ಷಡ್ಜ ಹಿಡಿದು ಕಿವಿಯಿಂದ ಕೂಡಿಸಲಿ. ಎರಡು ಸ್ವರ ಕೂಡದಿದ್ದರೆ ನಡುವೆ ಅಲೆ ಎದ್ದ ಹಾಗೆ ವೌ ವೌ ಅನ್ನುತ್ತದೆ. ಅಲೆ ನಿಧಾನವಾಗುತ್ತಾ ಬಂದು ನಿಂತಾಗ ಕೂಡಿತು. ಇದನ್ನು ಅವನಿಗೆ ನೀವೇ ಕಲಿಸಬಲ್ಲಿರಿ, ಯಾವ ಕ್ಲಾಸೂ ಬೇಡ.

ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬೇಕಾದರೆ ತಂತಿಯನ್ನು ಅಡ್ಡಕ್ಕೆ ಎಳೆದರೆ ಒಂದು ಪೂರ್ತಿ ಸ್ವರ ಏರುತ್ತದೆ. ಹಾರ್ಮೋನಿಯಂಗೆ ಆಗದ ಕೆಲಸ ಇದು. ಸಾಲಿನ ಕೊನೆಗೆ ನಿಮ್ಮ ದನಿ ಜಾರುತ್ತದಲ್ಲ, ಆ ಜಾರು ಅವನ ಬೆರಳಿಗೆ ಬರಬೇಕು. ಪೆಡಲ್ ಎಲ್ಲ ಮನೆಯಲ್ಲಿ ಬಿಟ್ಟು ಬರಲಿ. ಟ್ರೆಬಲ್ ಅರ್ಧಕ್ಕಿಂತ ಕಡಿಮೆ. ದಮ್ಮಡಿಯ ಗೆಜ್ಜೆ ಸದ್ದು ಕೇಳದೇ ಹೋದರೆ ಗಿಟಾರ್ ಜೋರಾಯಿತು ಅಂತ ಲೆಕ್ಕ. ಮೊದಲ ಒಂದು ತಿಂಗಳು ಬರೀ ಷಡ್ಜ ಪಂಚಮ ಬಾರಿಸುತ್ತಾ ಕೂರಲಿ. ಕೂತನೋ, ಹುಡುಗ ಉಳಿಯುತ್ತಾನೆ.

ಜೇವರ್ಗಿಯ ಶಿಕ್ಷಕರು: ಮೇ ತಿಂಗಳಲ್ಲಿ ಗಿಟಾರಿನ ಕತ್ತಿನ ಅಂಚಿನಲ್ಲಿ ಫ್ರೆಟ್ ತುದಿಗಳು ಹೊರಬಂದು ಅಂಗೈಗೆ ಗೀರುತ್ತಿವೆ. ತಂತಿಗಳೂ ಝರ್ ಅನ್ನುತ್ತಿವೆ. ಮೋಸದ ಮಾಲೇ?

ಮಾಲು ಸರಿಯಿದೆ ಸರ್, ನಮ್ಮ ಬಿಸಿಲು ಜೋರು. ಲೋಹ ಹೊರಬಂದಿಲ್ಲ, ಮರ ಒಳಗೆ ಹೋಗಿದೆ. ಫ್ರೆಟ್ ಕೂತಿರುವ ಆ ಕಂದು ಪಟ್ಟಿ ಎಷ್ಟೋ ಗಿಟಾರುಗಳಲ್ಲಿ ನಮ್ಮ ಬೀಟೆ ಮರವೇ. ಪಶ್ಚಿಮ ಘಟ್ಟದ ತಂಪಿನಲ್ಲಿ ಬೆಳೆದ ಜಾತಿ, 43 ಡಿಗ್ರಿಯ ಜೇವರ್ಗಿಗೆ ಬಂದರೆ ಸೊರಗದೇ ಇರುತ್ತದೆಯೇ? ಗಾಳಿಯಲ್ಲಿ ತೇವ 45ರಿಂದ 55 ಪರ್ಸೆಂಟ್ ಇದ್ದರೆ ಅದಕ್ಕೆ ಆರಾಮು.

ಮೇನಲ್ಲಿ ಅರ ಹಚ್ಚಿ ಉಜ್ಜಿಸಬೇಡಿ. ಮಳೆ ಬಿದ್ದ ಮೇಲೆ ಮರ ಉಬ್ಬಿ ಎಷ್ಟೋ ತುದಿಗಳು ಒಳಗೆ ಹೋಗುತ್ತವೆ. ಆಗಲೂ ಉಳಿದದ್ದನ್ನು ಉಜ್ಜಿಸಿ. ಅಲ್ಲಿಯವರೆಗೆ ಗೋಡೆಗೆ ತೂಗುಹಾಕದೆ ಚೀಲದಲ್ಲಿ ಇಡಿ. ಸೋಪಿನ ಡಬ್ಬಿಗೆ ನಾಲ್ಕು ತೂತು ಕೊರೆದು ಹಿಂಡಿದ ಒದ್ದೆ ಸ್ಪಂಜು ಹಾಕಿ ಚೀಲದೊಳಗೆ ಇಟ್ಟರೆ ಸಾಕು. ಏರ್ ಕೂಲರಿನ ಮುಂದೆ ನೇರ ಇಡಬೇಡಿ, ಅದು ಅತಿಯಾಗುತ್ತದೆ.

ಝರ್ ಸದ್ದಿಗೆ, ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಎರಡರಲ್ಲೂ ದಪ್ಪ ತಂತಿ ಒತ್ತಿ ಹಿಡಿದು ಏಳನೇ ಫ್ರೆಟ್ ಹತ್ತಿರ ಸಂದು ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಇರಬೇಕು. ಸಂದೇ ಇಲ್ಲದಿದ್ದರೆ ಕತ್ತು ಹಿಂದಕ್ಕೆ ಬಾಗಿದೆ. ಕತ್ತಿನೊಳಗಿನ ಉಕ್ಕಿನ ಸರಳನ್ನು ಕಾಲು ಸುತ್ತು ಸಡಿಲಿಸಿ, ಒಂದು ದಿನ ಬಿಟ್ಟು ನೋಡಿ. ಕಾಲು ಸುತ್ತು ಅಂದರೆ ಕಾಲೇ. ಒಂದೇ ಸಲಕ್ಕೆ ಎರಡು ಸುತ್ತು ತಿರುಗಿಸಿ ಕತ್ತು ಸೀಳಿಸಿಕೊಂಡು ನನ್ನ ಮೇಜಿಗೆ ಬಂದವರು ಇದ್ದಾರೆ.

ಹುಮನಾಬಾದಿನಿಂದ: ಪೆಡಲ್‌ಗೆ ವೈಫೈ ರೌಟರಿನ ಅಡಾಪ್ಟರ್ ಹಾಕಿದೆ. ಪಿನ್ ಸರಿಯಾಗಿ ಕೂತಿತು. ಆದರೆ ಪೆಡಲ್ ಸತ್ತಿತು.

ಪಿನ್ ಕೂತರೆ ಸಂಬಂಧ ಕೂಡಿತು ಅಂತಲ್ಲ. ಪೆಡಲ್‌ಗಳಿಗೆ ಬಹುತೇಕ 9 ವೋಲ್ಟ್, ನಡುವಿನ ಪಿನ್ ಮೈನಸ್. ರೌಟರಿನದು ಸಾಮಾನ್ಯವಾಗಿ ನಡುವೆ ಪ್ಲಸ್, ಎಷ್ಟೋ ಸಲ 12 ವೋಲ್ಟ್. ಉಲ್ಟಾ ಕೊಟ್ಟಿದ್ದೀರಿ. ಒಳಗೆ ಕಾವಲಿಗೆ ಒಂದು ಡಯೋಡ್ ಇದ್ದರೆ ಅದೇ ಸತ್ತು ಉಳಿದದ್ದನ್ನು ಬದುಕಿಸಿರುತ್ತದೆ. ಅದರ ಬೆಲೆ ಒಂದು ಟೀಗಿಂತ ಕಡಿಮೆ. ಬಿಚ್ಚಿಸಿ ನೋಡಿ. ಬ್ಯಾಟರಿ ಹಾಕುವುದಾದರೆ ಬಾರಿಸಿದ ಮೇಲೆ ಕೇಬಲ್ ಕೀಳಿ. ಕೇಬಲ್ ತೂತಿನಲ್ಲಿ ಇರುವವರೆಗೂ ಬ್ಯಾಟರಿ ಖರ್ಚಾಗುತ್ತಿರುತ್ತದೆ.

ಯಾದಗಿರಿಯಿಂದ: ಅಜ್ಜನ ವಾಲ್ವ್ ರೇಡಿಯೊ ಅಟ್ಟದಲ್ಲಿ ಸಿಕ್ಕಿದೆ. ವಾಲ್ವ್ ಆಂಪ್‌ನ ಸದ್ದು ಚೆನ್ನ ಅಂತಾರೆ. ಇದನ್ನೇ ಗಿಟಾರ್ ಆಂಪ್ ಮಾಡಿಕೊಳ್ಳಲೇ?

ಬೇಡ. ಸದ್ದು ಚೆನ್ನ ಅನ್ನುವುದು ಖರೆ. ಆದರೆ ಒಳಗೆ 250 ವೋಲ್ಟಿಗಿಂತ ಹೆಚ್ಚು ಡಿಸಿ ಓಡುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳು ಅದನ್ನು ಹಿಡಿದು ಕೂತಿರುತ್ತವೆ. ಅದಕ್ಕಿಂತ ಕೆಟ್ಟದ್ದು, ಹಳೆಯ ಎಸಿ-ಡಿಸಿ ಸೆಟ್ಟುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರಲಿಲ್ಲ. ತಗಡಿನ ಮೈ ನೇರ ಲೈನಿಗೇ ಸೇರಿರುತ್ತಿತ್ತು. ಮರದ ಪೆಟ್ಟಿಗೆ, ಪ್ಲಾಸ್ಟಿಕ್ ಗುಂಡಿ ಇದ್ದದ್ದಕ್ಕೆ ಅಜ್ಜ ಬದುಕಿದರು. ನೀವು ಅದಕ್ಕೆ ಗಿಟಾರ್ ತಂತಿ ಜೋಡಿಸಲು ಹೊರಟಿದ್ದೀರಿ. ಧೂಳು ಒರೆಸಿ ಹಾಲ್‌ನಲ್ಲಿ ಇಡಿ. ಕೇಳಬೇಕೆಂದರೆ ಕೆಪಾಸಿಟರ್ ಬದಲಿಸಬಲ್ಲ ಹಳೆಯ ರಿಪೇರಿಯವರ ಕೈಗೆ ಕೊಟ್ಟು ರೇಡಿಯೊ ಆಗಿಯೇ ಕೇಳಿ.

ಇನ್ನು ಚಿಲ್ಲರೆ ಪ್ರಶ್ನೆಗಳು, ಒಂದೊಂದು ಸಾಲಿನಲ್ಲಿ ಮುಗಿಸುತ್ತೇನೆ.

*ತಂತಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದಾ?* ತಲೆಗೆ ಹಚ್ಚಿಕೊಳ್ಳಿ. ತಂತಿಗೆ ಒಣ ಬಟ್ಟೆ, ಪ್ರತಿ ಸಲ ಬಾರಿಸಿದ ಮೇಲೆ.

*ವಾಲ್ಯೂಮ್ ಗುಂಡಿ ತಿರುಗಿಸಿದರೆ ಖರ್ ಖರ್.* ಆಫ್ ಮಾಡಿ ಆ ಕಡೆ ಈ ಕಡೆ ಇಪ್ಪತ್ತು ಸಲ ತಿರುಗಿಸಿ. ಹೋಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ. ಸೀಮೆಎಣ್ಣೆ ಬೇಡ.

*ಗಿಟಾರಿನೊಳಗೆ ರೊಟ್ಟಿ ಸುತ್ತುವ ಫಾಯಿಲ್ ಅಂಟಿಸಿದರೆ ಗುಂಯ್ ಕಡಿಮೆ ಆಗುತ್ತದಾ?* ಆಗುತ್ತದೆ, ಅರ್ಥಿಂಗ್‌ಗೆ ಸೇರಿಸಿದರೆ. ಆದರೆ ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ. ತಾಮ್ರದ ಟೇಪ್ ತನ್ನಿ.

*ಸದ್ದು ಬಂದು ಬಂದು ಹೋಗುತ್ತದೆ, ಯಾವ ಆಂಪ್ ಕೊಳ್ಳಲಿ?* ಕೇಬಲ್ ಬದಲಿಸಿ ನೋಡಿದ್ದೀರಾ? ಹತ್ತರಲ್ಲಿ ಎಂಟು ಸಲ ನನ್ನ ಮೇಜಿನಲ್ಲಿ ರೋಗ ಅದೇ.

*ನಿಮ್ಮ ಗಿಟಾರ್ ಯಾವ ಕಂಪನಿಯದು?* ತಲೆಯ ಮೇಲಿದ್ದ ಹೆಸರು ಯಾವಾಗಲೋ ಅಳಿಸಿ ಹೋಗಿದೆ. ಪಿಕಪ್ ನಾನೇ ಒಮ್ಮೆ ಸುತ್ತಿದ್ದು, ಸ್ವಲ್ಪ ಗುಂಯ್ ಅನ್ನುತ್ತದೆ.

ಸೇಡಂ ತಮ್ಮನಿಗೆ ಮತ್ತೊಂದು ಮಾತು, ಪುಟದಲ್ಲಿ ಜಾಗ ಇದೆ ಅಂತ. ಹೊಸ ಪ್ಲಗ್ಗಿಗೆ ವೈರ್ ಕಟ್ಟುವಾಗ ಹಸಿರು ವೈರ್ ಮೇಲಿನ ದಪ್ಪ ಪಿನ್ನಿಗೆ. ಅದು ಉಳಿದೆರಡಕ್ಕಿಂತ ಬೆರಳಗಲ ಉದ್ದ ಬಿಟ್ಟು ಕಟ್ಟು. ಯಾರಾದರೂ ಎಡವಿ ವೈರ್ ಎಳೆದರೆ ಅದು ಕೊನೆಗೆ ಕಿತ್ತು ಬರಬೇಕು. ಕಟ್ಟಿದ ಮೇಲೆ ಫೋಟೊ ತೆಗೆದು ಪತ್ರಿಕೆಗೆ ಕಳಿಸು. ನೋಡುವವರೆಗೆ ನನಗೆ ಸಮಾಧಾನ ಇಲ್ಲ.